ತಮ್ಮನ ಖಾತೆಗೆ ಅಕ್ಕನ ಶೆಲ್

‘ಟಕ್’ ಎಂದಿತು.

ಅಷ್ಟೇ. ಬೆರಳಿನ ನೆಟಿಗೆ ತೆಗೆದಷ್ಟು ಸಣ್ಣ ಸದ್ದು. ಗುಬ್ಬಿ ಕೀಬೋರ್ಡಿನಿಂದ ಕೈ ಎತ್ತಿ, ಉಸಿರು ಬಿಗಿಹಿಡಿದು ಕೂತಳು. ಊರೆಲ್ಲ ಮಲಗಿದ ಹೊತ್ತು. ಔಷಧಿ ಉಗ್ರಾಣದ ನೆಲಮಾಳಿಗೆಯಲ್ಲಿ ಅವಳನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಇದ್ದರೂ ಸದ್ದು ಮಾಡುವ ಕಾರಣವಿರಲಿಲ್ಲ.

ಆ ಸದ್ದು ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಉಗ್ರಾಣದ ಬಾಗಿಲುಗಳನ್ನೆಲ್ಲ ಹಾಕಿ ತೆಗೆಯುವ ಕಂಪ್ಯೂಟರಿದ್ದ ಈ ಯಂತ್ರಕೋಣೆಯ ಬಾಗಿಲಿನ ಅಗುಳಿ ಚೌಕಟ್ಟಿನೊಳಗೆ ಹೋಗಿ ಕೂರುವ ಸದ್ದು.

ಎದ್ದು ಹೋಗಿ ಹಿಡಿಕೆ ಎಳೆದಳು. ಜಗ್ಗಿದಳು. ಭುಜ ಕೊಟ್ಟು ನೂಕಿದಳು. ಉಕ್ಕಿನ ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಈ ನೆಲಮಾಳಿಗೆಯಲ್ಲಿ ಎಂದೂ ಇರುವುದಿಲ್ಲ.

ಹೋದ ವಾರ ಇದೇ ಓಣಿಯ ಆ ತುದಿಯಲ್ಲಿ, ಶೀತಲ ಕೋಣೆಯೊಳಗೆ ಹೀಗೆಯೇ ಬಾಗಿಲು ಬಿದ್ದು, ಉಗ್ರಾಣದ ಮೇಲ್ವಿಚಾರಕಿ ಬೆಳಗಾಗುವಷ್ಟರಲ್ಲಿ ಚಳಿಗೆ ಸೆಟೆದು ಸತ್ತುಹೋಗಿದ್ದಳು. ಬಾಗಿಲು ಹಾಕುವ ಆಜ್ಞೆ ಹೋದದ್ದು ಗುಬ್ಬಿಯ ತಮ್ಮನ ಕಂಪ್ಯೂಟರ್ ಖಾತೆಯಿಂದ. ಶೀತಲ ಯಂತ್ರಗಳ ಮೆಕ್ಯಾನಿಕ್ ಅವನು. ಈಗ ಲಾಕಪ್ಪಿನಲ್ಲಿದ್ದ. ಬೆಳಗಾದರೆ ಕೋರ್ಟು.

“ಅಕ್ಕಾ, ನನ್ನ ಖಾತೆ ನನ್ನನ್ನೇ ಒಳಗೆ ಬಿಡಲ್ಲ ಕಣೇ,” ಎಂದು ಅವನು ಕಂಬಿಯ ಹಿಂದಿನಿಂದ ಹೇಳಿದ್ದ. “ಪಾಸ್‌ವರ್ಡ್ ಕೊಟ್ರೆ ‘ನಿಮಗೆ ಪ್ರವೇಶ ಇಲ್ಲ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಆಚೆ ದಬ್ಬುತ್ತೆ. ಮೊದಲಿಂದಾನೂ ಹಾಗೇ. ನನ್ ಕೆಲಸ ಸ್ಪ್ಯಾನರ್ ಜೊತೆ, ನಂಗ್ಯಾಕೆ ಬೇಕಿತ್ತು ಆ ಕಂಪ್ಯೂಟರು?”

ಪೊಲೀಸರು ಅದೇ ಖಾತೆಯನ್ನು ತೆರೆದು ನೋಡಿದ್ದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಒಳಗೆ ಬಿಟ್ಟಿತ್ತು. ಅಲ್ಲಿಗೆ ತಮ್ಮ ಸುಳ್ಳುಗಾರನಾದ.

ಅವನು ಸುಳ್ಳು ಹೇಳಿಲ್ಲವೆಂದು ತೋರಿಸಲು ಅವಳಿಗೆ ಉಳಿದಿದ್ದುದು ಈ ರಾತ್ರಿ ಒಂದೇ. ಅದಕ್ಕೇ ಬಂದಿದ್ದಳು. ಈಗ ಒಳಗೆ ಸಿಕ್ಕಿಕೊಂಡಿದ್ದಳು.

‘ಹೆದರಬೇಡ,’ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದರಿಂದ ಹೆದರಿಕೆ ಇನ್ನಷ್ಟು ಆಯಿತು.

ಹೊರಗೆ ಹೋಗಲು ದಾರಿ ಇತ್ತು. ಬಾಗಿಲಿಗೆಂದೇ ಯಂತ್ರದಲ್ಲಿ ಒಂದು ಖಾತೆ ಇತ್ತು. ಆ ಹೆಸರಿನಲ್ಲಿ ಲಾಗಿನ್ ಆದರೆ ಬೇರೇನೂ ಬರುವುದಿಲ್ಲ. ಬಾಗಿಲು ತೆರೆಯುವ ಪ್ರೋಗ್ರಾಮ್ ಒಂದೇ ಬಂದು ನಿಲ್ಲುತ್ತದೆ. ಗುಬ್ಬಿ ಮರಳಿ ಕೂತು ಪಾಸ್‌ವರ್ಡ್ ಕೊಟ್ಟಳು.

ನಿಮಗೆ ಪ್ರವೇಶ ಇಲ್ಲ.

ಇನ್ನೊಮ್ಮೆ, ಅಕ್ಷರ ಅಕ್ಷರ ನೋಡಿಕೊಂಡು ಕೊಟ್ಟಳು. ಅದೇ ಮಾತು. ತಮ್ಮ ಹೇಳಿದ್ದ ಅದೇ, ಮುಖಕ್ಕೆ ಹೊಡೆದಂಥ ಮಾತು.

ಆಗ, ಮೇಲಿನ ಆಫೀಸಿಗೆ ಮಾತ್ರ ತಂತಿಯಿದ್ದ ಗೋಡೆಯ ಫೋನು ಕಿರ್ರೆಂದಿತು. ಅವಳು ಬೆಚ್ಚಿ ರಿಸೀವರ್ ಎತ್ತಿದಳು.

“ಗುಬ್ಬೀ? ಒಳಗಿದ್ದೀಯೇನೇ?”

ಮಾವ! ಅಮ್ಮನ ತಮ್ಮ. ಅಪ್ಪ ಹೋದ ಮೇಲೆ ಅಕ್ಕ ತಮ್ಮ ಇಬ್ಬರನ್ನೂ ರೆಕ್ಕೆಯಡಿ ಇಟ್ಟುಕೊಂಡು ಬೆಳೆಸಿದವನು. ಸಣ್ಣ ಶಬ್ದಕ್ಕೂ ಬೆಚ್ಚುತ್ತಾಳೆಂದು ಅವಳಿಗೆ ಗುಬ್ಬಿ ಎಂದು ಹೆಸರಿಟ್ಟವನೂ ಅವನೇ. ಈ ಉಗ್ರಾಣದ ಕಂಪ್ಯೂಟರುಗಳಿಗೆಲ್ಲ ಅವನು ಯಜಮಾನ. ಗುಬ್ಬಿ ಅವನ ಕೈಕೆಳಗೆ ಕೆಲಸ ಕಲಿತು, ಅವನ ಪಕ್ಕದ ಕುರ್ಚಿಗೆ ಬಂದವಳು.

“ಮಾವಾ! ಬಾಗಿಲು ಬಿದ್ದುಬಿಟ್ಟಿದೆ. ಎಲ್ಲಿದ್ದೀರಿ ನೀವು?”

“ಇಲ್ಲೇ ಮೇಲೆ, ಆಫೀಸಲ್ಲಿ. ಮನೇಲಿ ನಿಮ್ಮಮ್ಮ ಒಂದೇ ಸಮ ಅಳು, ಹುಡುಗಿ ಇನ್ನೂ ಮನೆಗೆ ಬಂದಿಲ್ಲ ಅಂತ. ಬಂದು ಕ್ಯಾಮೆರಾದಲ್ಲಿ ನೋಡ್ತೀನಿ, ನೀನು ಬಾಗಿಲ ಜೊತೆ ಕುಸ್ತಿ ಆಡ್ತಾ ಇದ್ದೀಯ. ಗೆದ್ದಿದ್ದು ಯಾರು?”

ಆ ಸ್ಥಿತಿಯಲ್ಲೂ ಅವಳಿಗೆ ನಗು ಬಂತು. “ಬಾಗಿಲೇ. ಬಾಗಿಲಿನ ಖಾತೆ ಒಳಗೆ ಬಿಡ್ತಿಲ್ಲ ಮಾವ.”

“ಅದರ ಶೆಲ್‌ಗೆ ಯಾರೋ ಕೈ ಹಾಕಿದಾರೆ, ಅಷ್ಟೇ. ಅದಕ್ಯಾಕೆ ತಲೆ ಕೆಡಿಸ್ಕೋತೀಯ? ಒಂದ್ಸಲ ರೀಬಿಲ್ಡ್ ಹೊಡಿ. ಕೈಯಿಂದ ಮಾಡಿದ್ದೆಲ್ಲ ಅಳಿಸಿ ಹೋಗುತ್ತೆ, ಬಾಗಿಲು ತಾನಾಗೇ ದಾರಿಗೆ ಬರುತ್ತೆ.”

“ನೀವೇ ಮೇಲಿಂದ ಹೊಡೀಬಹುದಲ್ಲಾ?”

“ನನ್ನ ಕಣ್ಣಿಗೆ ಈ ಹೊತ್ತಲ್ಲಿ ಅಕ್ಷರ ಎಲ್ಲಿ ಕಾಣುತ್ತೆ ಮಗಾ. ನೀನೇ ಹೊಡಿ. ನಾನು ಕೆಳಗೆ ಬರ್ತೀನಿ.”

ಫೋನು ಸುಮ್ಮನಾಯಿತು. ಗುಬ್ಬಿ ರಿಸೀವರನ್ನು ಕೈಯಲ್ಲೇ ಹಿಡಿದು ನಿಂತಳು. ಬಾಗಿಲಿನ ಖಾತೆ ಒಳಗೆ ಬಿಡುತ್ತಿಲ್ಲ ಎಂದಷ್ಟೇ ಅವಳು ಹೇಳಿದ್ದಳು. ಪಾಸ್‌ವರ್ಡ್ ಬದಲಾಗಿರಬಹುದಿತ್ತು, ತಂತಿ ಕಿತ್ತಿರಬಹುದಿತ್ತು. ಶೆಲ್ ಎಂದು ಹೇಳಿದವನು ಮಾವ.

ಅನುಭವಸ್ಥ. ಊಹಿಸಿರುತ್ತಾನೆ. ಹಾಗೆಂದುಕೊಂಡು ಅವಳು ಕುರ್ಚಿಗೆ ಮರಳಿದಳು.

ಶೆಲ್ ಎಂದರೇನೆಂದು ಅವಳಿಗೆ ಕಲಿಸಿದ್ದೂ ಅವನೇ. “ಹೊಸಿಲಲ್ಲಿ ನಿಂತು ಎದುರುಗೊಳ್ಳೋ ಮನುಷ್ಯ ಅಂದ್ಕೋ. ಪಾಸ್‌ವರ್ಡ್ ಸರಿ ಇದ್ರೆ ಮೊದಲು ಸಿಗೋನು ಅವನೇ. ಒಬ್ಬರಿಗೆ ಬನ್ನಿ ಕೂತ್ಕೊಳ್ಳಿ ಅಂತಾನೆ, ಇನ್ನೊಬ್ಬರಿಗೆ ನಡಿ ಆಚೆ ಅಂತಾನೆ. ಯಾರಿಗೆ ಯಾವ ಶೆಲ್ ಅನ್ನೋದನ್ನ ನಾವು ಫೈಲಲ್ಲಿ ಬರೆದಿಡ್ತೀವಿ.”

ಈ ಯಂತ್ರದ ಕ್ರಮವೇ ಅದು. ಯಾರ್ಯಾರು ಬಳಕೆದಾರರು, ಅವರವರಿಗೆ ಯಾವ ಶೆಲ್, ಯಾವ ಪ್ರೋಗ್ರಾಮ್ ಇರಬೇಕು, ಎಲ್ಲವೂ ಒಂದೇ ಕಾನ್ಫಿಗ್ ಫೈಲಿನಲ್ಲಿ. ಫೈಲನ್ನು ತಿದ್ದಿ ರೀಬಿಲ್ಡ್ ಕೊಟ್ಟರೆ ಯಂತ್ರ ಅದರಂತೆ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹಳೆಯದನ್ನು ಎಸೆಯುವುದಿಲ್ಲ, ಫೈಲಿನ ನಕಲಿನ ಸಮೇತ ಪಕ್ಕಕ್ಕಿಡುತ್ತದೆ. ಹಾಗೆ ಪಕ್ಕಕ್ಕಿಟ್ಟ ಒಂದೊಂದಕ್ಕೂ ಮಾವ ‘ತಲೆಮಾರು’ ಎನ್ನುತ್ತಿದ್ದ. ಫೈಲನ್ನು ಮುಟ್ಟದೆ ಯಾರಾದರೂ ಕೈಯಿಂದ ಒಂದು ಶೆಲ್ಲನ್ನು ಬದಲಿಸಿದರೆ ಅದು ನೀರಿನ ಮೇಲೆ ಗೀಚಿದ ಹಾಗೆ. ಯಂತ್ರ ಆರಿ ಮತ್ತೊಮ್ಮೆ ಎದ್ದು ಕೂತರೆ ಮಾಯ.

ಗುಬ್ಬಿ ರೀಬಿಲ್ಡಿನ ಆಜ್ಞೆಯನ್ನು ಟೈಪ್ ಮಾಡಿದಳು. ಎಂಟರ್ ಒತ್ತಲಿಲ್ಲ.

ಹೊರಡುವಾಗ ಗ್ಯಾಸ್ ಆರಿಸಿದೆನೇ ಎಂದು ಮೂರು ಸಲ ಮೆಟ್ಟಿಲು ಹತ್ತುವ ಜಾತಿ ಅವಳದು. ಏನು ಕಟ್ಟಲಿದೆ ಎಂದು ನೋಡದೆ ಕಟ್ಟಿದವಳೇ ಅಲ್ಲ. ಆಜ್ಞೆಯನ್ನು ಅಳಿಸಿ, ಈಗಿನ ಫೈಲನ್ನು ಕೊನೆಯ ತಲೆಮಾರಿನ ನಕಲಿನ ಪಕ್ಕದಲ್ಲಿಟ್ಟು ಹೋಲಿಸಿದಳು.

ಎರಡೂ ಒಂದೇ ಇರಬೇಕಿತ್ತು. ಇರಲಿಲ್ಲ.

ಫೈಲಿನ ಕೊನೆಯಲ್ಲಿ ಹೊಸ ತುಣುಕೊಂದು ಸೇರಿತ್ತು. ಕಟ್ಟಿ ಮುಗಿಸಿದ ಮೇಲೆ ಹಳೆಯ ತಲೆಮಾರುಗಳನ್ನೆಲ್ಲ ಗುಡಿಸಿ ಹಾಕು ಎನ್ನುವ ತುಣುಕು.

ಸಂಜೆ ಅವಳು ನೋಡಿದಾಗ ಇದು ಇರಲಿಲ್ಲ. ಎಂಟರ್ ಒತ್ತಿದ್ದರೆ ಬಾಗಿಲು ತೆರೆಯುತ್ತಿತ್ತು. ಜೊತೆಗೆ, ಅವಳು ಯಾವುದನ್ನು ಹುಡುಕಿಕೊಂಡು ಬಂದಿದ್ದಳೋ ಅದು ಹೇಳ ಹೆಸರಿಲ್ಲದಂತೆ ಹೋಗುತ್ತಿತ್ತು. ಕೋರ್ಟಿನ ಹಿಂದಿನ ರಾತ್ರಿ ಸಾಕ್ಷ್ಯ ಅಳಿಸಿದವರು ಯಾರು ಎಂದು ಕೇಳಿದರೆ ಯಂತ್ರ ಅವಳ ಹೆಸರನ್ನೇ ಹೇಳುತ್ತಿತ್ತು.

ಬಾಗಿಲಿನ ದಾಖಲೆ ತೆಗೆದಳು. ಸ್ವಲ್ಪ ಹೊತ್ತಿನ ಹಿಂದೆ ಅಗುಳಿ ಹಾಕಿಸಿದ ಖಾತೆ ಯಾವುದು?

ಅವಳದೇ.

ತನ್ನನ್ನು ತಾನೇ ಕೂಡಿಹಾಕಿಕೊಂಡಿದ್ದಾಳೆ ಎನ್ನುತ್ತಿತ್ತು ದಾಖಲೆ. ಇನ್ನೊಬ್ಬರ ಖಾತೆಯ ವೇಷ ಹಾಕಬಲ್ಲವರು, ಶೆಲ್ಲುಗಳನ್ನು ಕೈಯಿಂದ ಬದಲಿಸಬಲ್ಲವರು ಈ ಉಗ್ರಾಣದಲ್ಲಿ ಇಬ್ಬರೇ. ರೂಟ್ ಎಂಬ ಸರ್ವಾಧಿಕಾರ ಇದ್ದುದು ಇಬ್ಬರಿಗೇ. ಒಬ್ಬಳು ಇಲ್ಲಿ ಕೂತು ಬೆವರುತ್ತಿದ್ದಳು.

ಬಾಗಿಲ ಮೇಲಿನ ಕ್ಯಾಮೆರಾದ ಕೆಂಪು ಚುಕ್ಕೆ ಎವೆಯಿಕ್ಕದೆ ನೋಡುತ್ತಿತ್ತು. ಗುಬ್ಬಿ ಕುರ್ಚಿಯನ್ನು ಮುಂದೆಳೆದುಕೊಂಡು, ಬೆನ್ನಿನಿಂದ ಪರದೆಯನ್ನು ಮರೆಮಾಡಿ ಕೂತಳು.

ಹಳೆಯ ತಲೆಮಾರುಗಳನ್ನು ಒಂದೊಂದಾಗಿ ತೆರೆದಳು.

ಮೇಲ್ವಿಚಾರಕಿ ಸಾಯುವುದಕ್ಕೆ ಮುಂಚಿನದರಲ್ಲಿ ತಮ್ಮನ ಹೆಸರಿನ ಕೆಳಗೆ, ಪ್ರವೇಶವಿಲ್ಲವೆಂದು ಹೇಳಿ ಆಚೆ ಕಳಿಸುವ ಶೆಲ್. ಹುಡುಗ ನಿಜವನ್ನೇ ಹೇಳಿದ್ದ! ಅವಳ ಕಣ್ಣು ತುಂಬಿ ಬಂತು. ಸತ್ತ ಮರುದಿನದ ತಲೆಮಾರಿನಲ್ಲಿ ಅದೇ ಜಾಗದಲ್ಲಿ, ಎಲ್ಲರಿಗೂ ಇರುವ ಸಾಧಾರಣ ಶೆಲ್. ಪೊಲೀಸರು ಕಂಡದ್ದು ಅದು.

ಇವೆರಡರ ನಡುವೆ ಇನ್ನೊಂದಿತ್ತು. ಶೀತಲ ಕೋಣೆಯ ಬಾಗಿಲು ಬಿದ್ದ ದಿನದ ಸಂಜೆಯೇ ಕಟ್ಟಿದ್ದು. ಅದನ್ನೂ ತೆರೆದಳು.

ತಮ್ಮನ ಹೆಸರಿನ ಕೆಳಗೆ ಫಿಶ್ ಎಂಬ ಶೆಲ್ ಬರೆದಿತ್ತು.

ಇಡೀ ಉಗ್ರಾಣದಲ್ಲಿ ಫಿಶ್ ಬಳಸುವವಳು ಗುಬ್ಬಿ ಒಬ್ಬಳೇ. ಕ್ಯಾಂಟೀನಿನವನಿಂದ ಹಿಡಿದು ಲೆಕ್ಕ ವಿಭಾಗದವರವರೆಗೆ ಎಲ್ಲರಿಗೂ ಅದು ತಮಾಷೆ. “ನಿನ್ನ ಮೀನಿಗೆ ನೀರು ಹಾಕಿದ್ಯಾ?” ಎಂದು ಮಾವ ಬೆಳಗ್ಗೆ ಬೆಳಗ್ಗೆ ರೇಗಿಸುತ್ತಿದ್ದ. ಈ ತಲೆಮಾರನ್ನು ನೋಡಿದ ಯಾರೇ ಆಗಲಿ ಮುಂದೆ ಯೋಚಿಸಬೇಕಾಗಿಯೇ ಇರಲಿಲ್ಲ. ತಮ್ಮನ ಖಾತೆಗೆ ಪ್ರವೇಶ ಕೊಟ್ಟವಳು ಅಕ್ಕ. ಕೊಡುವಾಗ ಅಭ್ಯಾಸಬಲದಿಂದ ತನ್ನ ಶೆಲ್ಲನ್ನೇ ಬರೆದಿದ್ದಾಳೆ. ಮರುದಿನ ಎಚ್ಚೆತ್ತು ತಿದ್ದಿದ್ದಾಳೆ.

ಬಲೆಯ ಹಿಂದೆ ಇನ್ನೊಂದು ಬಲೆ. ಮೊದಲನೆಯದರಿಂದ ತಮ್ಮನನ್ನು ಬಿಡಿಸಹೋದವಳು ಎರಡನೆಯದರಲ್ಲಿ ಬೀಳಬೇಕು.

ಅಂಗೈಯ ಬೆವರನ್ನು ಬಟ್ಟೆಗೆ ಒರೆಸಿಕೊಂಡು ಮತ್ತೆ ಓದಿದಳು. ಫಿಶ್ ಎಂಬುದರ ಕೆಳಗೆ ಇನ್ನೊಂದು ಸಾಲಿತ್ತು. ಮೊದಲ ಸಲ ಗಾಬರಿಯಲ್ಲಿ ಕಣ್ಣು ಅದನ್ನು ದಾಟಿ ಹೋಗಿತ್ತು.

ಯಾರಿಗಾದರೂ ಒಂದು ಶೆಲ್ ಬರೆದು, ಆ ಶೆಲ್ಲನ್ನು ಯಂತ್ರದಲ್ಲಿ ಚಾಲೂ ಮಾಡುವುದನ್ನು ಮರೆತರೆ, ಕಟ್ಟುವ ಹೊತ್ತಿಗೆ ಯಂತ್ರ ತಕರಾರು ತೆಗೆಯುತ್ತದೆ. ‘ಹೀಗಾದರೆ ಒಳಬಂದವರು ತೊಂದರೆಗೆ ಬೀಳುತ್ತಾರೆ, ಸರಿಮಾಡಿ’ ಎನ್ನುತ್ತದೆ. ಗುಬ್ಬಿ ಸರಿಮಾಡುತ್ತಿದ್ದಳು. ಮಾವನಿಗೆ ಅಷ್ಟು ತಾಳ್ಮೆ ಇಲ್ಲ. ‘ಆ ತಪಾಸಣೆ ಬೇಡ, ಸುಮ್ಮನಿರು’ ಎಂದು ಯಂತ್ರದ ಬಾಯಿ ಮುಚ್ಚಿಸುವ ಸಾಲೊಂದಿದೆ. ಅದನ್ನು ಬರೆದು ಮುಂದೆ ಹೋಗುತ್ತಿದ್ದ. ಬರುಬರುತ್ತ ಬೇಕಿರಲಿ ಬೇಡದಿರಲಿ, ಯಾವ ಶೆಲ್ ಬರೆದರೂ ಅದರ ಕೆಳಗೆ ಆ ಸಾಲು ಬೀಳತೊಡಗಿತ್ತು. ಗುಬ್ಬಿ ಹಿಂದಿನಿಂದ ಹೋಗಿ ಅಳಿಸುತ್ತಿದ್ದಳು. ಅದಕ್ಕೆ ಅವಳು ಮನಸ್ಸಿನಲ್ಲೇ ಇಟ್ಟ ಹೆಸರು ‘ಮಾವನ ಸಾಲು’.

ಇಲ್ಲಿ ಆ ಸಾಲು ಬೇಕಾಗಿಯೇ ಇರಲಿಲ್ಲ. ಫಿಶ್ಶನ್ನು ಗುಬ್ಬಿ ತನಗಾಗಿ ಎಂದೋ ಚಾಲೂ ಮಾಡಿಟ್ಟಿದ್ದಳು. ಯಂತ್ರ ಚಕಾರ ಎತ್ತುತ್ತಿರಲಿಲ್ಲ. ಆದರೂ ಅದು ಅಲ್ಲಿ ಕೂತಿತ್ತು. ಅವಳ ಹೆಸರು ಬರುವ ಹಾಗೆ ಎಲ್ಲ ಹೂಡಿದವನಿಗೆ ತನ್ನ ಕೈ ಗೊತ್ತಿಲ್ಲದೆ ಏನು ಬರೆಯಿತೆಂದು ತಿಳಿದಿರಲಿಲ್ಲ. ಅಥವಾ ಈಗ ತಿಳಿದಿತ್ತು. ಅದಕ್ಕೇ ಗುಡಿಸುವ ಆತುರ.

ಸೈಕಲ್ಲಿನ ಹಿಂದೆ ಓಡುತ್ತ ಬಂದು ಬ್ಯಾಲೆನ್ಸ್ ಕಲಿಸಿದ ಕೈ ಅದು. ಮೇಲ್ವಿಚಾರಕಿಯ ಮೇಲೆ ಅವನಿಗೇನು ಹಗೆಯಿತ್ತೋ, ಗುಬ್ಬಿಗೆ ತಿಳಿಯಲಿಲ್ಲ.

ಓಣಿಯಲ್ಲಿ ಹೆಜ್ಜೆ ಕೇಳಿಸಿತು. ಒಬ್ಬರದಲ್ಲ.

ಅಳಲು ಹೊತ್ತಿರಲಿಲ್ಲ. ಆ ತಲೆಮಾರಿಗೆ ಒಂದು ಗೂಟ ಹೊಡೆದಳು. ಗುಡಿಸುವಾಗ ಇದನ್ನು ಮುಟ್ಟಬೇಡ ಎಂದು ಯಂತ್ರಕ್ಕೆ ತಿಳಿಸುವ ಸಣ್ಣ ಕೊಂಡಿ. ಪ್ರಿಂಟರಿಗೆ ಸಂಬಂಧಿಸಿದ್ದೇನೋ ಎನ್ನುವಂಥ ಹೆಸರನ್ನು ಅದಕ್ಕಿಟ್ಟಳು. ಪರದೆ ಖಾಲಿ ಮಾಡಿದಳು.

ಇನ್ನು ಬಾಗಿಲು. ಅದರ ಶೆಲ್ಲನ್ನು ಕೈಯಿಂದ ತಿದ್ದಿದರೆ ಅದೂ ಅವಳ ಹೆಸರಿನಲ್ಲೇ ದಾಖಲಾಗುತ್ತಿತ್ತು. ರೀಬಿಲ್ಡ್ ಮಾಡಿದರೆ ಯಂತ್ರ ತಿದ್ದಿದ ಫೈಲನ್ನು ಓದುತ್ತದೆ. ಸುಮ್ಮನೆ ಆರಿಸಿ ಹಚ್ಚಿದರೆ ಓದುವುದಿಲ್ಲ; ಕೊನೆಯದಾಗಿ ಕಟ್ಟಿದ್ದು ಹೇಗಿತ್ತೋ ಹಾಗೆ ಎದ್ದು ಬರುತ್ತದೆ. ಅದರಲ್ಲಿ ಬಾಗಿಲಿನ ಖಾತೆಗೆ ಅದರದೇ ಶೆಲ್ ಇತ್ತು.

ಪವರ್ ಗುಂಡಿಯನ್ನು ಒತ್ತಿ ಹಿಡಿದಳು. ಪರದೆ ಕಪ್ಪಾಯಿತು. ಆ ಮೌನದಲ್ಲಿ, ಮೇಲ್ವಿಚಾರಕಿ ಕೊನೆಗೆ ಏನು ಕೇಳಿಸಿಕೊಂಡಿರಬಹುದು ಎಂಬ ಯೋಚನೆ ಬಂತು. ತಳ್ಳಿಹಾಕಿದಳು. ಗುಂಡಿಯನ್ನು ಮತ್ತೆ ಒತ್ತಿದಳು. ಪರದೆ ತುಂಬ ಸಾಲುಗಳು ಹರಿದು ಬಂದು ನಿಂತವು. ಬಾಗಿಲಿನ ಹೆಸರು. ಪಾಸ್‌ವರ್ಡ್.

ಅಗುಳಿ ಸರಿಯಿತು.

ಹೊರಗೆ ಮಾವ ನಿಂತಿದ್ದ. ಅವನ ಹಿಂದೆ ಇನ್‌ಸ್ಪೆಕ್ಟರ್ ಮೇಡಂ, ನಿದ್ದೆಗಣ್ಣಲ್ಲಿ, ಯೂನಿಫಾರ್ಮಿನ ಮೇಲೊಂದು ಸ್ವೆಟರ್ ಹಾಕಿಕೊಂಡು.

“ಅಬ್ಬಾ, ಹೋದ ಜೀವ ಬಂತು!” ಮಾವ ಅವಳ ಎರಡೂ ಭುಜ ಹಿಡಿದುಕೊಂಡ. “ರೀಬಿಲ್ಡ್ ಹೊಡೆದ್ಯಾ?”

“ಇಲ್ಲ ಮಾವ. ಗಾಬರೀಲಿ ಪವರ್ ಗುಂಡಿ ಒತ್ಬಿಟ್ಟೆ. ಆಫ್ ಆಗಿ ಆನ್ ಆಯ್ತು. ಅಷ್ಟಕ್ಕೇ ಸರಿಹೋಯ್ತು.”

ಭುಜದ ಮೇಲಿನ ಬೆರಳುಗಳು ಒಂದು ಗಳಿಗೆ ಬಿಗಿಯಾದವು. ಅವನ ಕಣ್ಣು ಅವಳ ತಲೆಯ ಮೇಲಿಂದ ಪರದೆಯತ್ತ ಹೋಗಿ ಬಂತು.

“ಏನಮ್ಮಾ, ಇಷ್ಟು ಹೊತ್ತಲ್ಲಿ ಅಗುಳಿ ಹಾಕ್ಕೊಂಡು ಒಳಗೆ ಏನ್ ಮಾಡ್ತಿದ್ದೆ?” ಇನ್‌ಸ್ಪೆಕ್ಟರ್ ಕೇಳಿದಳು. “ಹಾಕಿದ್ದು ನಿನ್ನದೇ ಖಾತೆ ಅಂತೆ. ನಿಮ್ಮ ಮಾವ ಮೇಲೆ ಆಫೀಸಲ್ಲಿ ತೋರಿಸಿದ್ರು.”

“ನಾನು ದೂರು ಹೇಳಿದ್ದಲ್ಲ ಮೇಡಂ,” ಮಾವ ನಡುವೆ ಬಂದ. “ಹುಡುಗಿ ಏನಾದ್ರೂ ಮಾಡ್ಕೊಂಡ್ರೆ ಅಂತ ಭಯ ಆಗಿ ನಿಮ್ಮನ್ನ ಎಬ್ಬಿಸಿದ್ದು. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ಇವಳು.”

“ನಿಮ್ಮನ್ನ ಕೇಳಿದ್ನಾ ಯಜಮಾನ್ರೇ? ಅವಳಿಗೆ ಬಾಯಿದೆ.”

ಗುಬ್ಬಿ ಬಾಯಿ ತೆರೆದಳು. ಎಲ್ಲ ನಾಲಗೆಯ ತುದಿಯಲ್ಲಿತ್ತು. ಮೇಡಂ, ಒಳಗೆ ಬನ್ನಿ, ಒಂದು ಸಾಲು ತೋರಿಸ್ತೀನಿ.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಆಕಳಿಸಿ, ಸ್ವಲ್ಪ ಮೆತ್ತಗಾದ ದನಿಯಲ್ಲಿ ಹೇಳಿದಳು: “ಇನ್ನು ಈ ಒದ್ದಾಟ ಬೇಡ ಬಿಡಮ್ಮ. ನಿನ್ನ ತಮ್ಮ ಸಾಯಂಕಾಲ ಒಪ್ಕೊಂಡ.”

“ಏನು?”

“ಇಷ್ಟು ದಿನ ಬಂಡೆ ಥರ ಕೂತಿದ್ದ, ನಾನಲ್ಲ ನಾನಲ್ಲ ಅಂತ. ನಿಮ್ಮ ಮಾವ ಊಟದ ಡಬ್ಬಿ ಕೊಟ್ಟು ಮಾತಾಡಿಸಿ ಹೋದ್ರು ನೋಡು, ಆಮೇಲೆ ಅವನಾಗಿ ಅವನೇ ಕರೆದ. ‘ಬರ್ಕೊಳ್ಳಿ, ನಾನೇ ಮಾಡಿದ್ದು. ನಮ್ಮಕ್ಕನ ತಂಟೆಗೆ ಮಾತ್ರ ಹೋಗ್ಬೇಡಿ’ ಅಂದ.” ಅವಳು ಗುಬ್ಬಿಯ ಮುಖವನ್ನೇ ನೋಡುತ್ತಿದ್ದಳು. “ಅಕ್ಕನ ಹೆಸರು ನಾವ್ಯಾರೂ ಎತ್ತಿರ್ಲಿಲ್ಲ. ಅವನ್ಯಾಕೆ ಎತ್ತಿದ?”

ಗುಬ್ಬಿಗೆ ಅರ್ಥವಾಯಿತು. ಡಬ್ಬಿಯ ಜೊತೆ ಮೊಬೈಲಿನಲ್ಲಿ ಒಂದು ಚಿತ್ರವೂ ಹೋಗಿರಬೇಕು. ತಮ್ಮನ ಹೆಸರು, ಅದರ ಕೆಳಗೆ ಫಿಶ್. ಅದರ ಕೆಳಗಿನ ಸಾಲನ್ನು ಕತ್ತರಿಸಿದ ಚಿತ್ರ. ಕಂಪ್ಯೂಟರ್ ಗೊತ್ತಿಲ್ಲದ ಹುಡುಗನಿಗೂ ಅಕ್ಕನ ಮೀನು ಗೊತ್ತು. ಅಕ್ಕನೇ ಮಾಡಿದ್ದಾಳೆಂದು ನಂಬಿ, ಅವಳನ್ನು ಉಳಿಸಲು ತಾನೇ ಕೊರಳು ಕೊಟ್ಟಿದ್ದಾನೆ.

ಆ ತಲೆಮಾರನ್ನು ಈಗ ತೋರಿಸಿದರೆ ಇನ್‌ಸ್ಪೆಕ್ಟರಿಗೂ ಮೀನೇ ಕಾಣುತ್ತದೆ. ಕೆಳಗಿನ ಸಾಲು ಯಾರ ಚಾಳಿ ಎಂದು ಬಲ್ಲವರು ಲೋಕದಲ್ಲಿ ಇಬ್ಬರೇ, ಅದರಲ್ಲಿ ಒಬ್ಬ ಅವಳ ಭುಜ ಹಿಡಿದು ನಿಂತಿದ್ದ. ಗೂಟದ ಸುದ್ದಿ ಅವನ ಕಿವಿಗೆ ಬಿದ್ದರೆ, ಮೇಲೆ ಹೋಗಿ ಅದನ್ನು ಕೀಳಲು ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಸಾಕು.

“ಹೇಳಮ್ಮ. ಬಾಗಿಲು ಯಾರು ಹಾಕಿದ್ದು?”

“ನಾನೇ ಮೇಡಂ.” ದನಿ ನಡುಗಿತು. ನಡುಗಿದ್ದು ಒಳ್ಳೆಯದೇ ಆಯಿತು. “ಯಾರೂ ಬರಬಾರ್ದು ಅಂತ ಹಾಕ್ಕೊಂಡೆ. ಮನೇಲಿ ಅಮ್ಮನ ಮುಂದೆ ಅಳೋಕಾಗಲ್ಲ.”

ಇನ್‌ಸ್ಪೆಕ್ಟರ್ ಅವಳನ್ನು ಒಂದಷ್ಟು ಹೊತ್ತು ನೋಡಿ, ತಲೆಯಾಡಿಸಿ, ಮೆಟ್ಟಿಲ ಕಡೆ ತಿರುಗಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಮಾವ ಅವಳ ನೆತ್ತಿಯ ಮೇಲೆ ಕೈಯಿಟ್ಟ. “ಹುಚ್ಚು ಹುಡುಗಿ. ನಾನಿಲ್ವೇನೇ? ನಡಿ, ಮನೆಗೆ ಹೋಗೋಣ.”

ಮನೆ ಎಂದರೆ ಒಂದೇ ಮನೆ. ಅವನ ಕೋಣೆಗೂ ಅವಳ ಕೋಣೆಗೂ ನಡುವೆ ಒಂದು ಗೋಡೆ. ಬೆಳಗ್ಗೆ ಅವನ ಪಕ್ಕದಲ್ಲೇ ಕೂತು ಕೋರ್ಟಿಗೆ ಹೋಗಬೇಕು. ಕಟಕಟೆಯಲ್ಲಿ ನಿಂತ ತಮ್ಮ ಅವಳನ್ನು ನೋಡುತ್ತಾನೆ, ನೀನ್ಯಾಕೆ ಹೀಗೆ ಮಾಡಿದೆ ಎಂಬ ಕಣ್ಣಿನಲ್ಲಿ. ಅವನಿಗೂ ಹೇಳುವ ಹಾಗಿಲ್ಲ. ಹೇಳಿದರೆ ಅವನು ಅಲ್ಲೇ ಮಾವನ ಮೇಲೆ ಎರಗುತ್ತಾನೆ. ಅಮ್ಮನಿಗೆ ಹೇಳಿದರೆ ಅಮ್ಮ ಉಳಿಯುವುದಿಲ್ಲ.

ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿರ್ಧರಿಸಿದಳು. ತನಗೇನೂ ತಿಳಿದಿಲ್ಲವೆಂದು ಮಾವ ನಂಬಿರುವಷ್ಟು ದಿನ ಮಾತ್ರ ಆ ಗೂಟ ಅಲ್ಲಿರುತ್ತದೆ, ತಮ್ಮನನ್ನು ಬಿಡಿಸುವ ದಾರಿ ಇರುತ್ತದೆ.

ಹೊರಗೆ ಮಾವ ಕಾರಿನ ಬಾಗಿಲು ತೆರೆದು ಹಿಡಿದಿದ್ದ. ಗುಬ್ಬಿ ತಲೆ ತಗ್ಗಿಸಿ ಒಳಗೆ ಹತ್ತಿ ಕೂತಳು.